ಚರ್ಚೆ: ಫೋಟೋ ತೆಗೆಯೋಕೆ ಮನೆ ಬಿಟ್ಟು ಹೋಗಬೇಕಾ?

ಒಲೆಮನೆ:
ನಮ್ಮದು ಸಾಗರದ ಕಡೆ ಹಂಚಿನ ಮನೆ. ಅಡುಗೆಮನೆಯ ಮಾಡಿನಲ್ಲಿ ಒಂದು ಗಾಜಿನ ಹಂಚಿದೆ. ಮಳೆ ಹೊಳವಾದ ಬೆಳಿಗ್ಗೆ ಅದರಿಂದ ಬಿಸಿಲುಕೋಲು ಇಳಿಯುತ್ತದೆ. ಒಲೆಯಲ್ಲಿ ಹೊಗೆ ಇದ್ದರೆ ಕೋಲು ಇಡಿಯಾಗಿ ಕಾಣುತ್ತದೆ. ಹೊಗೆ ಇಲ್ಲದಿದ್ದರೆ ಕೆಳಗೆ ಬಿದ್ದ ಬೆಳಕಿನ ಚೌಕ ಮಾತ್ರ. ಆ ಚೌಕ ಕೂತಲ್ಲಿ ಕೂರುವುದಿಲ್ಲ. ಕಟ್ಟೆಯಿಂದ ನೆಲಕ್ಕೆ, ನೆಲದಿಂದ ತೊಳೆದಿಟ್ಟ ಪಾತ್ರೆಗೆ ಜರುಗುತ್ತಾ ಹೋಗುತ್ತದೆ. ಅದರ ಹಿಂದೆ ಫೋನ್ ಹಿಡಿದು ನಾನೂ ಜರುಗಿದ್ದೇನೆ.

ಮೂರು ಫೋಟೋ ಹಾಕಿದ್ದೇನೆ. ಕಪ್ಪು ಕಲ್ಲಿನ ಕಟ್ಟೆ ಮೇಲೆ ಬಿಸಿಲು ಬಿದ್ದ ಸ್ಟೀಲ್ ಲೋಟ. ಜಗಲಿಯಲ್ಲಿ ಒಣಗಲು ಬಿಚ್ಚಿಟ್ಟ ಕೊಡೆ. ಪಾಚಿ ಹಿಡಿದ ಬಟ್ಟೆ ಒಗೆಯುವ ಕಲ್ಲು. ಮೂರಕ್ಕೂ ಸೇರಿ ಒಂದೇ ಶೀರ್ಷಿಕೆ: "ಮನೆ, ಬೆಳಿಗ್ಗೆ. ಇದ್ದದ್ದು ಇದ್ದ ಹಾಗೆ."

ತೆಗೆಯೋಕೆ ಏನೂ ಸಿಗುತ್ತಿಲ್ಲ ಎಂದು ಗೊಣಗುವವರು ಮೊದಲು ತಮ್ಮ ಮನೆಯೊಳಗೇ ಒಂದು ಸುತ್ತು ಹಾಕಲಿ. ರಜೆ ಸಿಕ್ಕಿದ ಕೂಡಲೇ ಹಂಪಿ, ಕಬಿನಿ ಎಂದು ಓಡಬೇಕಾಗಿಲ್ಲ.

ದೂರದಬೆಟ್ಟ:
"ಓಡಬೇಕಾಗಿಲ್ಲ" ಅಂತೆ. ಓಡುವವರು ನಿಮಗೇನು ಮಾಡಿದ್ದಾರೆ? ಕಬಿನಿಯಲ್ಲಿ ಬೆಳಗಿನ ಚಳಿಯಲ್ಲಿ ಜೀಪಿನಲ್ಲಿ ಕೂತು, ಏನೂ ಸಿಗದೆ ವಾಪಸ್ ಬಂದವರಿಗೆ ಗೊತ್ತು ಅದರ ಕಷ್ಟ. ಲೋಟ ಎಲ್ಲಿಗೂ ಹೋಗುವುದಿಲ್ಲ. ಕಾಫಿ ಕುಡಿದು ಬಂದು ತೆಗೆದರೂ ಅಲ್ಲೇ ಇರುತ್ತದೆ.

ಫೋಟೋ ಚೆನ್ನಾಗಿದೆ, ಇಲ್ಲ ಎನ್ನುವುದಿಲ್ಲ. ಆದರೆ ಬೇರೆಯವರು ಅದನ್ನು ಯಾಕೆ ನೋಡಬೇಕು? ನಿಮಗೆ ಅದು ನಿಮ್ಮ ಮನೆ. ನಮಗೆ ಅದು ಲೋಟ.

ಅರಮನೆಮೈದಾನ:
ಲೋಟ ಯಾಕೆ ನೋಡಬೇಕು ಎಂದು ಕೇಳುವವರು ಟಿ. ಎಸ್. ಸತ್ಯನ್ ಅವರ ಫೋಟೋ ನೋಡಿಲ್ಲ ಅನ್ನಿಸುತ್ತದೆ. ಮೈಸೂರಿನವರು. ಅವರು ತೆಗೆದದ್ದು ಹುಲಿಯನ್ನಲ್ಲ, ಸಾಮಾನ್ಯ ಜನರನ್ನು, ಮಕ್ಕಳನ್ನು. 1977ರಲ್ಲಿ ಪದ್ಮಶ್ರೀ ಬಂತು. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಅವರು ತೆಗೆದ ಮಕ್ಕಳ ಫೋಟೋಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಕ್ಕೆ ಇಟ್ಟಿತ್ತು.

ದೂರದಬೆಟ್ಟ:
ಸತ್ಯನ್ ದೇಶ ಸುತ್ತಿದವರು ಸ್ವಾಮಿ. ಪತ್ರಿಕೆಗಳಿಗೆ ಕೆಲಸ ಮಾಡಿದವರು. ಅಡುಗೆಮನೆಯಲ್ಲಿ ಕೂತು ಪದ್ಮಶ್ರೀ ಬಂದಿಲ್ಲ. ನೀವು ನನ್ನ ವಾದಕ್ಕೇ ಸಾಕ್ಷಿ ತಂದುಕೊಟ್ಟಿರಿ.

ಅರಮನೆಮೈದಾನ:
ಮಕ್ಕಳು ಎಲ್ಲಾ ಊರಲ್ಲೂ ಇದ್ದಾರೆ, ಅಲ್ವಾ?

ಎಫ್‌ಎಂಟು:
ಈ ಕಲೆ ಹುಟ್ಟಿದ್ದೇ ಮನೆಯಲ್ಲಿ. ಉಳಿದಿರುವ ಅತಿ ಹಳೆಯ ಕ್ಯಾಮೆರಾ ಚಿತ್ರ 1826-27ರ ಸುಮಾರಿನದು. ಫ್ರಾನ್ಸಿನ ನೀಪ್ಸ್ ತನ್ನ ಮನೆಯ ಮಹಡಿ ಕಿಟಕಿಯಿಂದ ತೆಗೆದದ್ದು. 1844ರಲ್ಲಿ ಇಂಗ್ಲೆಂಡಿನ ಟಾಲ್ಬಟ್ ತೆಗೆದ ಪ್ರಸಿದ್ಧ ಚಿತ್ರದಲ್ಲಿ ಏನಿದೆ ಗೊತ್ತಾ? ಅರ್ಧ ತೆರೆದ ಬಾಗಿಲು, ಅದಕ್ಕೆ ಒರಗಿಸಿದ ಪೊರಕೆ. 1930ರಲ್ಲಿ ಎಡ್ವರ್ಡ್ ವೆಸ್ಟನ್ ಒಂದು ದೊಣ್ಣೆಮೆಣಸಿನಕಾಯಿ ತೆಗೆದ. ಇವತ್ತಿಗೂ ಜನ ಅದರ ಮುಂದೆ ನಿಂತು ನೋಡುತ್ತಾರೆ. ಪ್ರಾಗ್‌ನ ಸೂಡೆಕ್‌ಗೆ ಮೊದಲ ಮಹಾಯುದ್ಧದಲ್ಲಿ ಬಲಗೈ ಹೋಗಿತ್ತು. 1940ರಿಂದ 1954ರವರೆಗೆ ತನ್ನ ಸ್ಟುಡಿಯೋದ ಕಿಟಕಿಯನ್ನೇ ಮತ್ತೆ ಮತ್ತೆ ತೆಗೆದ. ಮಂಜು ಹಿಡಿದ ಗಾಜು, ಆಚೆ ಒಂದು ಡೊಂಕು ಮರ, ಕಟ್ಟೆ ಮೇಲೆ ನೀರಿನ ಗ್ಲಾಸು.

ದೂರದಬೆಟ್ಟ:
ನೀಪ್ಸ್‌ಗೆ ಲೋಹದ ತಟ್ಟೆಯ ಮೇಲೆ ಚಿತ್ರ ಮೂಡಲು ಗಂಟೆಗಟ್ಟಲೆ ಬಿಸಿಲು ಬೇಕಾಗಿತ್ತು. ಅಷ್ಟು ಹೊತ್ತು ಅಲ್ಲಾಡದೆ ನಿಂತದ್ದು ಎದುರಿನ ಕಟ್ಟಡಗಳ ಗೋಡೆ ಮಾತ್ರ. ಅವನ ಹತ್ತಿರ ದೂರದ್ದನ್ನು ಹತ್ತಿರ ತೋರಿಸುವ 600 ಎಂಎಂ ಲೆನ್ಸು ಇದ್ದಿದ್ದರೆ ಕಿಟಕಿಯಲ್ಲಿ ಕೂರುತ್ತಿದ್ದನಾ?

ಪಿಜಿಹುಡುಗ:
ನಾನು ಹೊಸಬ. ಬೆಂಗಳೂರಲ್ಲಿ ಪಿಜಿಯಲ್ಲಿದ್ದೇನೆ. ಗಾಜಿನ ಹಂಚೂ ಇಲ್ಲ, ಜಗಲಿಯೂ ಇಲ್ಲ. ಒಂದೇ ಕಿಟಕಿ. ತೆರೆದರೆ ಪಕ್ಕದ ಕಟ್ಟಡದ ಗೋಡೆ. ಇಲ್ಲಿ ಏನು ತೆಗೆಯಬಹುದು?

ಸರಿಗೆರೆ:
ಒಲೆಮನೆಯವರೇ, ಲೋಟದ ಫೋಟೋ ದೊಡ್ಡದು ಮಾಡಿ ನೋಡಿದೆ. ಲೋಟದ ಎಡಗಡೆ ಕಲ್ಲಿನ ಮೇಲೆ ಒಂದು ಒದ್ದೆ ಬಳೆ ಗುರುತು ಇದೆ. ಅರ್ಧ ಬಳೆ ಲೋಟದ ಅಡಿಗೆ ಹೋಗಿದೆ, ಅರ್ಧ ಹೊರಗಿದೆ. ಅಂದರೆ ಲೋಟ ಮೊದಲು ಅಲ್ಲಿತ್ತು. ಬಿಸಿಲು ಬಿದ್ದ ಕಡೆಗೆ ನೀವು ಸರಿಸಿದ್ದೀರಿ.

ಶೀರ್ಷಿಕೆಯಲ್ಲಿ "ಇದ್ದದ್ದು ಇದ್ದ ಹಾಗೆ" ಎಂದಿದೆ.

ಒಲೆಮನೆ:
ಹೌದು, ಸರಿಸಿದ್ದೇನೆ. ಎರಡು ಬೆರಳಿನಷ್ಟು. ಅದಕ್ಕೇನೀಗ?

ಸರಿಗೆರೆ:
ಏನೂ ಇಲ್ಲ. ಹಾಗಾದರೆ ಶೀರ್ಷಿಕೆ ಸುಳ್ಳು. ಅಷ್ಟೇ.

ಎಫ್‌ಎಂಟು:
ಅಯ್ಯೋ ದೇವರೇ. ಲೋಟ ಸರಿಸಿದರೆ ಸುಳ್ಳಾ? ಟಾಲ್ಬಟ್ ಪೊರಕೆಯನ್ನು ತಾನೇ ಒರಗಿಸಿ ಇಟ್ಟದ್ದು. ಪೊರಕೆಯ ಜಾಗ ಬದಲಿಸಿ ಬೇರೆ ಬೇರೆ ಸಲ ತೆಗೆದಿದ್ದಾನೆ. ವೆಸ್ಟನ್ ಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಇಟ್ಟು ತೆಗೆದ. ಯಾರ ಮನೆಯಲ್ಲಿ ಮೆಣಸಿನಕಾಯಿ ಆಲಿಕೆಯಲ್ಲಿ ಇರುತ್ತದೆ?

ಸರಿಗೆರೆ:
"ಯಾರ ಮನೆಯಲ್ಲಿ" ಎಂದು ನೀವೇ ಕೇಳಿದಿರಿ. ಯಾರ ಮನೆಯಲ್ಲೂ ಇರುವುದಿಲ್ಲ. ಅದಕ್ಕೇ ಅದು ದಿನನಿತ್ಯದ ಫೋಟೋ ಅಲ್ಲ. ಬಾಡಿಗೆ ಇಲ್ಲದ ಸ್ಟುಡಿಯೋ ಫೋಟೋ. ವೆಸ್ಟನ್ ಅದನ್ನು ಇದ್ದ ಹಾಗೆ ತೆಗೆದೆ ಎಂದು ಬರೆದುಕೊಂಡಿಲ್ಲ.

ಅಕ್ಕಿರೊಟ್ಟಿ:
ಲೋಟ ತೊಳೆದಿಟ್ಟವರು ಯಾರು ಎಂದು ಇಷ್ಟು ಹೊತ್ತಾದರೂ ಯಾರೂ ಕೇಳಿಲ್ಲ. ನಮ್ಮನೆಯಲ್ಲೂ ಒಬ್ಬರಿದ್ದಾರೆ. ಬೆಳಕು ಬಂತು, ಮುಟ್ಟಬೇಡ ಎಂದು ಕೂಗುತ್ತಾರೆ. ಆ ಕಡೆ ಒಗ್ಗರಣೆ ಸೀಯುತ್ತಿರುತ್ತದೆ.

ದೂರದಬೆಟ್ಟ:
ಸರಿಗೆರೆಯವರಿಗೆ ನನ್ನ ವೋಟು. ನಾವು ಕಾಡಿನಲ್ಲಿ ಒಂದು ಕಡ್ಡಿ ಸರಿಸುವ ಹಾಗಿಲ್ಲ. 2018ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ತನ್ನ ವನ್ಯಜೀವಿ ಸ್ಪರ್ಧೆಯಲ್ಲಿ ಗೆದ್ದಿದ್ದ ಒಂದು ಫೋಟೋದ ಪ್ರಶಸ್ತಿ ವಾಪಸ್ ತೆಗೆದುಕೊಂಡಿತು. ಗೆದ್ದಲು ಹುತ್ತದ ಹತ್ತಿರ ಬಂದ ಇರುವೆಬಾಕ. ನೋಡಿದರೆ ಅದು ಹುಲ್ಲು ತುಂಬಿದ ಬೊಂಬೆ ಎಂದು ತಜ್ಞರು ಹೇಳಿದರು. ಅಲ್ಲಿ ಒಂದು ಶಿಸ್ತಿದೆ. ನಿಮ್ಮ ಅಡುಗೆಮನೆಯಲ್ಲಿ ಇಲ್ಲ.

ಒಲೆಮನೆ:
ಸತ್ತ ಪ್ರಾಣಿಯ ಬೊಂಬೆಗೂ ನಮ್ಮನೆ ಲೋಟಕ್ಕೂ ಒಂದೇ ತಕ್ಕಡಿಯಾ? ಲೋಟ ನಮ್ಮದು, ಕಟ್ಟೆ ನಮ್ಮದು, ಬಿಸಿಲು ನಮ್ಮದು. ದಿನಾ ಆ ಲೋಟ ಕಟ್ಟೆಯ ಮೇಲೆ ಹತ್ತು ಕಡೆ ಕೂರುತ್ತದೆ. ಬಿಸಿಲಿನಲ್ಲೂ ಕೂರುತ್ತದೆ. ಮದುವೆ ಮನೆಯಲ್ಲಿ ಕೂತವನು ಬಾಳೆಎಲೆ ತನ್ನ ಕಡೆಗೆ ಎಳೆದುಕೊಂಡರೆ ಊಟ ಸುಳ್ಳಾಗುತ್ತಾ?

ಸರಿಗೆರೆ:
"ಹತ್ತು ಕಡೆ ಕೂರುತ್ತದೆ." ಸರಿ. ಹಾಗಾದರೆ ಅದು ತಾನಾಗಿ ಬಿಸಿಲಲ್ಲಿ ಕೂರುವ ಬೆಳಿಗ್ಗೆವರೆಗೆ ಕಾಯಬಹುದಿತ್ತಲ್ಲ. ಕಾಯುವುದೇ ಈ ಕೆಲಸ. ನೀವು ಕಾಯಲಿಲ್ಲ, ಆದರೆ ಕಾದವರ ಮರ್ಯಾದೆ ಬೇಕು.

ಒಲೆಮನೆ:
ನನಗೆ ಯಾರ ಮರ್ಯಾದೆಯೂ ಬೇಕಾಗಿಲ್ಲ. ಇಟ್ಟುಕೊಳ್ಳಿ ನಿಮ್ಮ ಹತ್ತಿರವೇ.

ಎಫ್‌ಎಂಟು:
ಪಿಜಿಹುಡುಗ, ನಿಮಗೆ ಉತ್ತರ ಕೊಡುವವರೇ ಇಲ್ಲ. ಸುಲಭ. ಕಿಟಕಿ ಉತ್ತರಕ್ಕಿದ್ದರೆ ನೀವೇ ಪುಣ್ಯವಂತರು. ದಿನಪೂರ್ತಿ ನೇರ ಬಿಸಿಲು ಬೀಳುವುದಿಲ್ಲ, ಮೆತ್ತಗಿನ ಬೆಳಕು ಸಿಗುತ್ತದೆ. ಹಳೆಯ ಚಿತ್ರಕಾರರೆಲ್ಲ ಉತ್ತರದ ಕಿಟಕಿಯನ್ನೇ ಹುಡುಕುತ್ತಿದ್ದರು. ವಸ್ತುವನ್ನು ಕಿಟಕಿಯ ಪಕ್ಕಕ್ಕೆ ಇಡಿ, ಎದುರಿಗೆ ಬೇಡ. ಬೆಳಕು ಅಡ್ಡದಿಂದ ಬಿದ್ದರೆ ಟವೆಲಿನ ನೂಲು ಕೂಡ ಎದ್ದು ಕಾಣುತ್ತದೆ. ಫೋನಿನ ಮುಖ್ಯ ಲೆನ್ಸು ಅಗಲದ್ದು, 24-26 ಎಂಎಂ ಲೆಕ್ಕ. ತೀರಾ ಹತ್ತಿರ ಹೋದರೆ ಲೋಟದ ಬಾಯಿ ಬಕೆಟ್ಟಿನಷ್ಟಾಗುತ್ತದೆ. ಎರಡು ಹೆಜ್ಜೆ ಹಿಂದೆ ಬಂದು 2ಎಕ್ಸ್ ಒತ್ತಿ. ಬೆಳಕಿದ್ದ ಜಾಗದ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಷರ್, ಅಂದರೆ ಬೆಳಕಿನ ಅಳತೆ, ಲಾಕ್ ಮಾಡಿ, ಸ್ವಲ್ಪ ಕಡಿಮೆ ಮಾಡಿ.

ಪಂಚಾಂಗ:
"ವಸ್ತುವನ್ನು ಪಕ್ಕಕ್ಕೆ ಇಡಿ" ಎಂದರೆ ಸರಿಗೆರೆಯವರು ಬಿಡುತ್ತಾರಾ? ಅದಿರಲಿ. ಉತ್ತರದ ಕಿಟಕಿಯ ಮಾತು ಯೂರೋಪಿನ ಪುಸ್ತಕದ್ದು. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಸುಮಾರು ಏಪ್ರಿಲ್ 24ಕ್ಕೆ ಸೂರ್ಯ ನೆತ್ತಿಗೆ ಬರುತ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ ಇರುತ್ತದೆ. ಆಮೇಲೆ ಆಗಸ್ಟ್ 18ರವರೆಗೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಗೇ ಇರುತ್ತಾನೆ. ಆ ತಿಂಗಳುಗಳಲ್ಲಿ ಇಲ್ಲಿ ಮೆತ್ತಗಿನ ಬೆಳಕು ದಕ್ಷಿಣದ ಕಿಟಕಿಯಲ್ಲಿ.

ಎಫ್‌ಎಂಟು:
ಆ ತಿಂಗಳುಗಳು ಮಳೆಗಾಲ. ಸೂರ್ಯನೇ ಇಲ್ಲದ ಮೇಲೆ ಯಾವ ದಿಕ್ಕಾದರೇನು?

ಪಂಚಾಂಗ:
ಮೇ ತಿಂಗಳು ಮಳೆಗಾಲವಾ?

ಗ್ಲಾಸ್ಗೋಕನ್ನಡಿಗ:
ಇಲ್ಲಿ ನನ್ನ ಅಡುಗೆಮನೆ ಕಿಟಕಿ ಉತ್ತರಕ್ಕೇ ಇದೆ. ಜೂನ್‌ನಲ್ಲಿ ಬೆಳಗಿನ ಜಾವ ಐದಕ್ಕೇ ಈಶಾನ್ಯದಿಂದ ಬಿಸಿಲು ಒಳಗೆ ಬಂದು ಕಣ್ಣಿಗೆ ಚುಚ್ಚುತ್ತದೆ. ರಾತ್ರಿ ಒಂಬತ್ತರ ಮೇಲೆ ವಾಯವ್ಯದಿಂದ ಮತ್ತೆ. ಯೂರೋಪಿನ ಪುಸ್ತಕ ಯೂರೋಪಿನಲ್ಲೂ ಪೂರ್ತಿ ನಿಜ ಅಲ್ಲ.

ಎಫ್‌ಎಂಟು:
ನಾನು ಹೇಳಿದ್ದು ಸಾಮಾನ್ಯವಾಗಿ.

ಸರಿಗೆರೆ:
ದಿಕ್ಕಿನ ಮಾತು ಸಾಕು. ನನ್ನ ಪ್ರಶ್ನೆ ತೇಲಿಹೋಯಿತು. 1950ರಲ್ಲಿ ಡ್ವಾನೋ ತೆಗೆದ ಪ್ಯಾರಿಸ್ ಬೀದಿಯ ಮುತ್ತಿನ ಫೋಟೋ ಎಲ್ಲರಿಗೂ ಗೊತ್ತು. ದಾರಿಹೋಕ ಪ್ರೇಮಿಗಳು ಎಂದು ಜನ ಅದನ್ನು ಗೋಡೆಗೆ ಅಂಟಿಸಿಕೊಂಡರು. ತೊಂಬತ್ತರ ದಶಕದಲ್ಲಿ ವಿಷಯ ಕೋರ್ಟಿಗೆ ಹೋದಾಗ ಗೊತ್ತಾಯಿತು, ಅದು ನಟನೆ ಕಲಿಯುತ್ತಿದ್ದ ಜೋಡಿ, ಹೇಳಿ ಮಾಡಿಸಿದ ಮುತ್ತು. ಹಾಗಾದ ಮೇಲೆ ಅದು ಪ್ಯಾರಿಸ್‌ನ ದಿನನಿತ್ಯವಾ?

ಅರಮನೆಮೈದಾನ:
ಇವತ್ತಿಗೂ ಗೋಡೆ ಮೇಲಿದೆಯಲ್ಲ. ಯಾರೂ ಕಿತ್ತು ಬಿಸಾಕಿಲ್ಲ.

ಸರಿಗೆರೆ:
ಜನ ಇಟ್ಟುಕೊಂಡರೆ ಸುಳ್ಳು ನಿಜವಾಗುತ್ತಾ? ಇನ್ನೊಂದು ತೆಗೆದುಕೊಳ್ಳಿ. 1855, ಕ್ರಿಮಿಯಾ ಯುದ್ಧ. ರೋಜರ್ ಫೆಂಟನ್ ಒಂದೇ ಜಾಗದಿಂದ ಎರಡು ಫೋಟೋ ತೆಗೆದ. ಒಂದರಲ್ಲಿ ದಾರಿ ಖಾಲಿ, ಫಿರಂಗಿ ಗುಂಡೆಲ್ಲ ಪಕ್ಕದ ಹಳ್ಳದಲ್ಲಿ. ಇನ್ನೊಂದರಲ್ಲಿ ದಾರಿ ತುಂಬಾ ಗುಂಡು. ಯಾವುದು ಮೊದಲು ಎಂದು ವರ್ಷಗಟ್ಟಲೆ ಜಗಳ. ಕೊನೆಗೆ ಎರೋಲ್ ಮಾರಿಸ್ ಎಂಬ ಚಿತ್ರ ನಿರ್ದೇಶಕ ಬೆನ್ನು ಹತ್ತಿದ. ಉತ್ತರ ಸಿಕ್ಕಿದ್ದು ಇಳಿಜಾರಿನ ಸಣ್ಣ ಕಲ್ಲುಗಳಿಂದ. ಗುಂಡಿರುವ ಫೋಟೋದಲ್ಲಿ ಆ ಕಲ್ಲುಗಳು ಕೆಳಗೆ ಜಾರಿವೆ. ಅಂದರೆ ಖಾಲಿ ದಾರಿ ಮೊದಲು, ಗುಂಡು ಆಮೇಲೆ. ನಿಮ್ಮ ಕಟ್ಟೆಯ ಒದ್ದೆ ಬಳೆ ಹೇಳಿದ್ದೂ ಅದನ್ನೇ.

ಅಕ್ಕಿರೊಟ್ಟಿ:
ಲೋಟಕ್ಕೆ ಕ್ರಿಮಿಯಾ ಯುದ್ಧ. ಕೊಡೆಗೆ ಯಾವ ಯುದ್ಧ ಕಾದಿದೆಯೋ.

ಒಲೆಮನೆ:
"ಬೆನ್ನು ಹತ್ತಿದ" ಎಂದಿರಲ್ಲ, ನೀವು ಮಾಡುತ್ತಿರುವುದೂ ಅದೇ. ಯುದ್ಧದ ಫೋಟೋ ಸಾಕ್ಷಿ. ಯಾರು ಸತ್ತರು, ಎಲ್ಲಿ ಸತ್ತರು ಎಂದು ನಂಬುವವರಿದ್ದಾರೆ. ನನ್ನ ಲೋಟ ಯಾರ ಸಾವಿಗೂ ಸಾಕ್ಷಿಯಲ್ಲ. ಬೆಳಕು ಹೀಗೆ ಬೀಳುತ್ತದೆ ಎಂದು ತೋರಿಸಿದ್ದೇನೆ. ಬೆಳಕನ್ನು ನಾನು ಸರಿಸಿಲ್ಲ!

ಎಫ್‌ಎಂಟು:
ಭೇಷ್. ಸೂಡೆಕ್‌ನ ಕಿಟಕಿ ಕಟ್ಟೆಯ ಗ್ಲಾಸು ತಾನಾಗಿ ನಡೆದು ಬಂದು ಕೂತಿತ್ತಾ? ಅವನೇ ಜೋಡಿಸಿದ್ದು.

ಸರಿಗೆರೆ:
"ಜೋಡಿಸಿದ್ದು." ಮತ್ತೆ ನೀವೇ ಹೇಳಿದಿರಿ. ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ದೂರದಬೆಟ್ಟ:
ಇನ್ನೊಂದು ಸಿಕ್ಕಿತು. ಲೋಟದ ಹೊಟ್ಟೆಯಲ್ಲಿ ನೋಡಿ. ಬಾಗಿದ ಬಿಳಿ ಪಟ್ಟಿ, ಅದು ಬಾಗಿಲು. ಪಟ್ಟಿಯ ನಡುವೆ ಕಪ್ಪಗೆ ಎರಡು ಆಕಾರ. ಒಬ್ಬರು ಫೋನ್ ಹಿಡಿದಿದ್ದಾರೆ. ಇನ್ನೊಬ್ಬರು ಕೈಯಲ್ಲಿ ಏನೋ ಬಿಳಿಯದು ಎತ್ತಿ ಹಿಡಿದಿದ್ದಾರೆ. ರಿಫ್ಲೆಕ್ಟರಾ?

ಒಲೆಮನೆ:
ಅದು ನನ್ನ ತಂಗಿ. ಕೈಯಲ್ಲಿರುವುದು ದೋಸೆ ತಟ್ಟೆ.

ದೂರದಬೆಟ್ಟ:
ತಟ್ಟೆಯಿಂದಲೂ ಬೆಳಕು ಬಡಿದು ವಾಪಸ್ ಬರುತ್ತದೆ.

ಒಲೆಮನೆ:
ಅವಳು ತಿನ್ನುತ್ತಿದ್ದಳು ಮಾರಾಯರೇ!

ಅರಮನೆಮೈದಾನ:
ತೇಜಸ್ವಿಯವರ ಹೆಸರು ಇನ್ನೂ ಯಾರೂ ಎತ್ತಿಲ್ಲ, ಆಶ್ಚರ್ಯ. ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಸುತ್ತಲಿನ ಹಕ್ಕಿಗಳ ಫೋಟೋ ತೆಗೆದರು. ಮನೆ ಅಂಗಳವೇ ಸಾಕು ಎನ್ನುವುದಕ್ಕೆ ಇದಕ್ಕಿಂತ ಏನು ಬೇಕು?

ದೂರದಬೆಟ್ಟ:
ಮೂಡಿಗೆರೆಯ ತೋಟ ಯಾರಿಗೆ ಅಂಗಳ? ನಮ್ಮಂಥವರು ದುಡ್ಡು ಕೊಟ್ಟು, ಹೋಮ್‌ಸ್ಟೇ ಬುಕ್ ಮಾಡಿ ಹೋಗುವ ಜಾಗ ಅದು. ನನ್ನ ಅಂಗಳ ಎಂದರೆ ಟ್ರಾನ್ಸ್‌ಫಾರ್ಮರ್ ಮತ್ತು ಒಂದು ಪಂಕ್ಚರ್ ಅಂಗಡಿ.

ಅರಮನೆಮೈದಾನ:
ಪಂಕ್ಚರ್ ಅಂಗಡಿ ಇದೆಯಲ್ಲ. ಟ್ಯೂಬನ್ನು ನೀರಲ್ಲಿ ಮುಳುಗಿಸಿದಾಗ ಗುಳ್ಳೆ ಏಳುತ್ತದೆ, ಆ ಕ್ಷಣ ಅವನ ಮುಖ ನೋಡಿ. ಬಕೆಟ್ ಮೇಲೆ ಬಗ್ಗಿ, ಉಸಿರು ಹಿಡಿದು, ಗುಳ್ಳೆ ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಿರುತ್ತಾನೆ. ಎಂದಾದರೂ ತೆಗೆದಿದ್ದೀರಾ?

ದೂರದಬೆಟ್ಟ:
ತೆಗೆಯಬಹುದು. ಆದರೆ ಅವನನ್ನು ಕೇಳಿದರೆ ನೆಟ್ಟಗೆ ನಿಂತು ಪೋಸ್ ಕೊಡುತ್ತಾನೆ. ಕೇಳದೆ ತೆಗೆದರೆ ಬೈಯುತ್ತಾನೆ. ಆನೆಯಿಂದ ಈ ಕಾಟ ಇಲ್ಲ.

ಅಕ್ಕಿರೊಟ್ಟಿ:
ಆನೆ ಅಟ್ಟಿಸಿಕೊಂಡು ಬರುತ್ತದೆ. ಪಂಕ್ಚರ್ ಅಂಗಡಿಯವನು ಬರೀ ಬೈಯುತ್ತಾನೆ. ಇಬ್ಬರೂ ಬೇಡ ಎನ್ನುವುದು ಹಾಗೆಯೇ. ಕೇಳಿ ತೆಗೆಯಿರಿ. ಪೋಸ್ ಕೊಟ್ಟರೆ ಅದನ್ನೂ ತೆಗೆಯಿರಿ. ಎರಡು ದಿನ ಹೋಗಿ ಗಾಳಿ ಹಾಕಿಸಿಕೊಳ್ಳಿ, ಆಮೇಲೆ ಅವನು ನಿಮ್ಮ ಕಡೆ ನೋಡುವುದೂ ಇಲ್ಲ. ನಮ್ಮ ಬೀದಿಯ ಇಸ್ತ್ರಿ ಗಾಡಿಯವರನ್ನು ನಾನು ಹೀಗೇ ತೆಗೆದದ್ದು. ಕೆಂಡ ಊದುವಾಗ ಅವರ ಕೆನ್ನೆ ಉಬ್ಬುತ್ತದೆ, ಕಣ್ಣು ಸಣ್ಣದಾಗುತ್ತದೆ. ಬೂದಿ ಹಾರಿ ಹುಬ್ಬಿನ ಮೇಲೆ ಕೂರುತ್ತದೆ.

ಸರಿಗೆರೆ:
"ಪೋಸ್ ಕೊಟ್ಟರೆ ಅದನ್ನೂ ತೆಗೆಯಿರಿ." ಇದೇ ಜಾರುವ ದಾರಿ. ಮೊದಲು ಲೋಟ, ಆಮೇಲೆ ಮನುಷ್ಯ. ಇನ್ನೊಮ್ಮೆ ಊದಿ ಎಂದು ಹೇಳಿಲ್ಲ ತಾನೇ?

ಅಕ್ಕಿರೊಟ್ಟಿ:
ಹೇಳಿಲ್ಲ. ಹೇಳಿದ್ದರೂ ನಿಮಗೆ ಗೊತ್ತಾಗುತ್ತಿರಲಿಲ್ಲ. ಕೆಂಡದ ಮೇಲೆ ಒದ್ದೆ ಬಳೆ ಉಳಿಯುವುದಿಲ್ಲ.

ಒಲೆಮನೆ:
ನಾನು ಇನ್ನು ಈ ಚರ್ಚೆಯಲ್ಲಿಲ್ಲ. ಮೂರು ಫೋಟೋ ಹಾಕಿದೆ. ಕೊಡೆಯ ಬಗ್ಗೆ ಒಬ್ಬರೂ ಮಾತಾಡಿಲ್ಲ. ಕಲ್ಲಿನ ಪಾಚಿ ಯಾರ ಕಣ್ಣಿಗೂ ಬಿದ್ದಿಲ್ಲ. ಸೋಪಿನ ನೀರು ಹರಿಯುವ ಕಡೆ ಪಾಚಿ ಇಲ್ಲ, ಹರಿಯದ ಕಡೆ ಇದೆ. ಬಟ್ಟೆ ಕುಕ್ಕುವ ಜಾಗ ಮಾತ್ರ ನುಣ್ಣಗೆ, ಬೋಳಾಗಿದೆ. ಎಷ್ಟೋ ವರ್ಷದ ಕೆಲಸ ಆ ಕಲ್ಲಿನ ಮೇಲಿದೆ. ಅದನ್ನು ಸರಿಸೋಕೆ ನನ್ನ ಕೈಲಿ ಆಗುವುದೂ ಇಲ್ಲ, ನಾಲ್ಕು ಜನ ಬೇಕು. ಅದಕ್ಕೆ ಒಂದು ಮಾತಿಲ್ಲ!

ಸರಿಗೆರೆ:
ಕಲ್ಲಿನ ಫೋಟೋ ಒಳ್ಳೆಯದಿದೆ. ಅದಕ್ಕೇ ಅದರ ಬಗ್ಗೆ ಮಾತಾಡಲಿಲ್ಲ. ಶೀರ್ಷಿಕೆ ಮೂರಕ್ಕೂ ಸೇರಿ ಒಂದೇ ಇದೆ, ತೊಂದರೆ ಅಲ್ಲಿ.

ಒಲೆಮನೆ:
ಶೀರ್ಷಿಕೆ ಬದಲಿಸುವುದಿಲ್ಲ.

ನಿರ್ವಾಹಕ:
ವೈಯಕ್ತಿಕ ಮಾತು ಬೇಡ. ಎರಡು ಕಾಮೆಂಟ್ ತೆಗೆದಿದ್ದೇನೆ. ಯಾರದು ಎಂದು ಅವರಿಗೆ ಗೊತ್ತು.

ದೂರದಬೆಟ್ಟ:
ನನ್ನದನ್ನು ಯಾಕೆ ತೆಗೆದಿರಿ? ದೋಸೆ ತಟ್ಟೆಯ ಬಗ್ಗೆ ತಾಂತ್ರಿಕ ಪ್ರಶ್ನೆ ಕೇಳಿದ್ದೆ.

ಪಂಚಾಂಗ:
ಎಫ್‌ಎಂಟು ಅವರೇ, ಮೇ ತಿಂಗಳ ವಿಷಯ ಬಾಕಿ ಇದೆ.

ಎಫ್‌ಎಂಟು:
ಮನೆಗೆ ಸೂರಿನ ಚಾಚು ಇರುತ್ತದೆ. ನೆತ್ತಿ ಹತ್ತಿರದ ಬಿಸಿಲು ಕಿಟಕಿಯೊಳಗೆ ಬರುವುದಿಲ್ಲ. ಮುಗೀತು.

ಪಂಚಾಂಗ:
ಮಧ್ಯಾಹ್ನ ಬರುವುದಿಲ್ಲ. ಬೆಳಿಗ್ಗೆ ಏಳಕ್ಕೆ, ಸಂಜೆ ಐದಕ್ಕೆ? ಮೇನಲ್ಲಿ ಸೂರ್ಯ ಹುಟ್ಟುವುದೂ ಮುಳುಗುವುದೂ ಉತ್ತರಕ್ಕೆ ವಾಲಿಯೇ. ಸೂರು ಅಡ್ಡಡ್ಡ ಬರುವ ಬಿಸಿಲನ್ನು ತಡೆಯುತ್ತಾ?

ಗ್ಲಾಸ್ಗೋಕನ್ನಡಿಗ:
ನಮ್ಮ ಕಡೆ ಸೂರಿನ ಚಾಚೂ ಇಲ್ಲ.

ಪಿಜಿಹುಡುಗ:
ನನ್ನ ಕಿಟಕಿ ಯಾವ ದಿಕ್ಕು ಎಂದು ನೋಡಿದೆ. ಉತ್ತರವೇ. ಆದರೆ ಮಧ್ಯಾಹ್ನ ಮೂರರ ಹೊತ್ತಿಗೆ ಗೋಡೆ ಮೇಲೆ ಬಿಸಿಲು ಬೀಳುತ್ತದೆ. ಎಲ್ಲಿಂದ ಎಂದು ತಲೆ ಕೆಡಿಸಿಕೊಂಡೆ. ಪಕ್ಕದ ಗೋಡೆಗೂ ಅದರಾಚೆಯ ಕಟ್ಟಡಕ್ಕೂ ನಡುವೆ ಒಂದು ಸಂದಿ ಇದೆ. ಆ ಸಂದಿಯಲ್ಲಿ ಕಾಣುವ ಆಫೀಸಿನ ಗಾಜಿಗೆ ಸೂರ್ಯ ಬಡಿದು, ಅಲ್ಲಿಂದ ನನ್ನ ರೂಮಿಗೆ ಬರುತ್ತಾನೆ. ಗಾಜಿನ ಹಾಳೆಗಳು ಸಮ ಇಲ್ಲದ ಕಾರಣ ಬಿಸಿಲು ಅಲೆ ಅಲೆಯಾಗಿ ಬೀಳುತ್ತದೆ, ಕೆರೆ ದಡದ ಹಾಗೆ. ಬೇಗ ಹೋಗಿಬಿಡುತ್ತದೆ. ಆ ಅಲೆಗಳ ಮೇಲೆ ಹ್ಯಾಂಗರ್‌ಗಳ ನೆರಳು. ಒಂದು ಫೋಟೋ ಹಾಕುತ್ತಿದ್ದೇನೆ.

ಅರಮನೆಮೈದಾನ:
ಇದು ನೋಡಿ ಫೋಟೋ! ಎಲ್ಲಿಗೂ ಹೋಗಿಲ್ಲ, ಹಾಸಿಗೆ ಮೇಲಿಂದ ಎದ್ದೂ ಇಲ್ಲ.

ದೂರದಬೆಟ್ಟ:
ಚೆನ್ನಾಗಿದೆ. ಆದರೆ ಇದೇ ಬೆಳಕು ಬಾದಾಮಿಯ ಕೆಂಪು ಕಲ್ಲಿನ ಮೇಲೆ ಬಿದ್ದರೆ ಹೇಗಿರುತ್ತದೆ ಯೋಚಿಸಿ.

ಪಂಚಾಂಗ:
ಉತ್ತರದ ಕಿಟಕಿಯಲ್ಲಿ ಬಿಸಿಲು ಬಂತು ಎನ್ನುವುದನ್ನು ಗಮನಿಸಿ.

ಎಫ್‌ಎಂಟು:
ಅದು ಗಾಜಿನಿಂದ ಬಂದದ್ದು, ಸೂರ್ಯನಿಂದ ಅಲ್ಲ.

ಪಂಚಾಂಗ:
ಗಾಜಿಗೆ ಎಲ್ಲಿಂದ ಬಂತು?

ಸರಿಗೆರೆ:
ಪಿಜಿಹುಡುಗ, ಒಳ್ಳೆಯ ಪ್ರಯತ್ನ. ಒಂದೇ ಪ್ರಶ್ನೆ. ಹ್ಯಾಂಗರ್‌ಗಳನ್ನು ನೀವೇ ತೂಗುಹಾಕಿದ್ದಾ?

ಪಿಜಿಹುಡುಗ:
ಹೌದು ಸರ್. ಬಟ್ಟೆ ಒಣಗಿಸೋಕೆ.

ಸರಿಗೆರೆ:
ಫೋಟೋದಲ್ಲಿ ಬಟ್ಟೆ ಇಲ್ಲ. ಬರೀ ಹ್ಯಾಂಗರ್ ಇವೆ. ನಾಲ್ಕೂ ಸಮ ಅಂತರದಲ್ಲಿವೆ.